ಮಾತ್ರೆ ತಗೊಂಡರೂ ಕೊಕ್ಕೆಹುಳು ಮತ್ತೆ ಬರುವುದೇಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮ ಅಡಿಕೆ ತೋಟದಲ್ಲಿ ಬರಿಗಾಲಲ್ಲೇ ಓಡಾಡ್ತಾರೆ. ಹೋದ ವರ್ಷ ಕೊಕ್ಕೆಹುಳುವಿಗೆ ಅಲ್ಬೆಂಡಜೋಲ್ ಕೊಟ್ಟಿದ್ದರು. ಈಗ ಮಲದಲ್ಲಿ ಮತ್ತೆ ಮೊಟ್ಟೆ, ಹಿಮೋಗ್ಲೋಬಿನ್ 8.4, ಇಯೋಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಶೇ. 14. ದಡಾರ ಒಮ್ಮೆ ಬಂದರೆ ಮತ್ತೆ ಬರಲ್ಲ, ಇದ್ಯಾಕೆ ಬರುತ್ತೆ?

ಉತ್ತರ: ಅಮ್ಮನ ದೇಹ ಸುಮ್ಮನೆ ಕೂತಿಲ್ಲ, ಆ ಶೇ. 14 ಅದರದೇ ಗುರುತು. ಮರಿಹುಳು ಪಾದದ ಚರ್ಮ ತೂರಿ, ರಕ್ತದಲ್ಲಿ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೇರಿ, ನುಂಗಿದಾಗ ಸಣ್ಣಕರುಳು ಸೇರುತ್ತದೆ. ಅಷ್ಟರಲ್ಲಿ ದೇಹವನ್ನು ಕಾಯುವ ಬಿಳಿ ರಕ್ತಕಣಗಳಾದ ಟಿಎಚ್-2 ಕಣಗಳು ಐಎಲ್-4, ಐಎಲ್-5, ಐಎಲ್-13 ಎಂಬ ಸಂದೇಶದ ಪ್ರೋಟೀನುಗಳನ್ನು ಬಿಡುತ್ತವೆ. ಐಎಲ್-5ರಿಂದ ಇಯೋಸಿನೋಫಿಲ್ ಏರುತ್ತದೆ, ಐಎಲ್-4ರಿಂದ ಅಲರ್ಜಿಯಲ್ಲೂ ಕಾಣುವ ಐಜಿ-ಇ ಪ್ರತಿಕಾಯ. ಆದರೆ ಕರುಳಿಗೆ ಕಚ್ಚಿಕೊಂಡ ಹುಳು ತಾನೇ ಕೆಲವು ಪ್ರೋಟೀನು ಸ್ರವಿಸಿ ಈ ದಾಳಿಯನ್ನು ತಗ್ಗಿಸುತ್ತದೆ. ದಾಳಿಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕಣಗಳೂ ಐಎಲ್-10 ಎಂಬ ಪ್ರೋಟೀನೂ ಹೆಚ್ಚುತ್ತವೆ. ಹಾಗಾಗಿ ಹುಳು ವರ್ಷಗಟ್ಟಲೆ ಬದುಕುತ್ತದೆ, ಪೂರ್ತಿ ರಕ್ಷಣೆ ಹುಟ್ಟುವುದಿಲ್ಲ. ಮಾತ್ರೆ ಒಳಗಿರುವ ಹುಳುವನ್ನು ಕೊಲ್ಲುತ್ತದೆ, ಮುಂದೆ ಬರುವುದನ್ನು ತಡೆಯುವುದಿಲ್ಲ.

ಕೊಕ್ಕೆಹುಳುವಿನ ಲಸಿಕೆಗೂ ಈ ಐಜಿ-ಇ ಅಡ್ಡ ಬಂದಿದೆ. ಎನ್‌ಎ-ಎಎಸ್‌ಪಿ-2 ಎಂಬ, ಹುಳುವಿನದೇ ಪ್ರೋಟೀನಿನ ಲಸಿಕೆಯನ್ನು ಬ್ರೆಜಿಲ್‌ನಲ್ಲಿ ಪರೀಕ್ಷಿಸಿದಾಗ, ಹಿಂದೆ ಸೋಂಕು ತಗುಲಿದ್ದ ಕೆಲವರಿಗೆ ಮೊದಲೇ ಇದ್ದ ಐಜಿ-ಇಯಿಂದ ಮೈತುಂಬ ಪಿತ್ತಗಂಧೆ ಎದ್ದು ಪ್ರಯೋಗ ನಿಲ್ಲಿಸಬೇಕಾಯಿತು.

ರಕ್ತದ ಲೆಕ್ಕ ನೋಡಿ: ನೆಕೇಟರ್ ಎಂಬ ಬಗೆಯ ಒಂದು ಕೊಕ್ಕೆಹುಳು ದಿನಕ್ಕೆ ಸುಮಾರು 0.03 ಮಿ.ಲೀ. ಕಳೆಯುತ್ತದೆ, ನೂರಿದ್ದರೆ 3 ಮಿ.ಲೀ. ಆಂಕಿಲೋಸ್ಟೋಮ ಎಂಬ ಇನ್ನೊಂದು ಬಗೆ ಆದರೆ ಐದಾರು ಪಟ್ಟು. ಆದ್ದರಿಂದ ಅಲ್ಬೆಂಡಜೋಲ್ 400 ಮಿ.ಗ್ರಾಂ. ಜಗಿದು ನುಂಗಿದರೆ ಮುಗಿಯಲಿಲ್ಲ. ವೈದ್ಯರು ಬರೆದಷ್ಟು ಕಬ್ಬಿಣದ ಮಾತ್ರೆಯನ್ನು, ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಮುಂದುವರಿಸಬೇಕು. ಚಹಾ, ಕಾಫಿ ಜೊತೆ ಬೇಡ, ನಿಂಬೆ ಶರಬತ್ತು ಆಗುತ್ತದೆ. ಎರಡು-ಮೂರು ವಾರ ಬಿಟ್ಟು ಮಲಪರೀಕ್ಷೆ ಮಾಡಿಸಿ. ಮಾದರಿ ತಾಜಾ ಇರಲಿ, ತಡವಾದರೆ ಮೊಟ್ಟೆ ಒಡೆದು ಮರಿ ಹೊರಬರುತ್ತದೆ.

ಇನ್ನೊಬ್ಬರ ಪ್ರಶ್ನೆ: ಗಂಬೂಟು ಹಾಕಿದರೆ ಸಾಕಾ ಸರ್?

ಉತ್ತರ: ಕಾಲಿಗೆ ಸಾಕು. ಒದ್ದೆ ಮಣ್ಣು ಕೆದಕುವ ಕೈಗೂ ಗ್ಲೌಸ್ ಬೇಕು, ಮರಿಹುಳು ಅಲ್ಲೂ ತೂರುತ್ತದೆ. ಮಲದಲ್ಲಿ ಹೋದ ಮೊಟ್ಟೆ ನೆರಳು, ತೇವ ಇರುವ ತೋಟದಲ್ಲಿ ಒಂದೆರಡು ದಿನಕ್ಕೆ ಒಡೆದು, ಐದರಿಂದ ಹತ್ತು ದಿನಕ್ಕೆ ಚರ್ಮ ತೂರುವ ಮರಿಯಾಗುತ್ತದೆ. ಕೆಲಸದವರಿಗೂ ತೋಟದ ಹತ್ತಿರ ಶೌಚಾಲಯ ಕಟ್ಟಿಸಿ, ಮನೆಯವರಿಗೂ ಅವರಿಗೂ ಒಟ್ಟಿಗೇ ಮಾತ್ರೆ ಕೊಡಿಸಿ. ಬಸುರಿಯರಿದ್ದರೆ ಮೊದಲ ಮೂರು ತಿಂಗಳು ಅಲ್ಬೆಂಡಜೋಲ್ ಬೇಡ.