ಪಾತ್ರೆಯ ನೀರು ಎಲ್ಲಿ ಹೋಯ್ತು? ಚಿಕ್ಕ ಮಕ್ಕಳಿಗೆ ತೋರಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಮಗಳಿಗೆ ಆರು ವರ್ಷ, ಮಗನಿಗೆ ಎಂಟು. ಘನ, ದ್ರವ, ಅನಿಲ ಅಂತ ಇಬ್ಬರೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಕುದಿಸಿದ ನೀರು ಕಮ್ಮಿ ಆಯ್ತಲ್ಲ, ಎಲ್ಲಿ ಹೋಯ್ತು ಅಂತ ಕೇಳಿದರೆ "ಖಾಲಿ ಆಯ್ತು" ಅನ್ನುತ್ತಾರೆ. ಐಸ್ ಕರಗಿಸಿ ತೋರಿಸಿದೆ, ಸ್ವಲ್ಪ ಹೊತ್ತಿಗೇ ಬೇಜಾರಾಯ್ತು ಅವರಿಗೆ. ಬೇರೆ ಏನು ಮಾಡಿಸಬಹುದು?

ಉತ್ತರ (ಪ್ರಾಥಮಿಕ ಶಾಲೆಯ ವಿಜ್ಞಾನ ಶಿಕ್ಷಕಿ): ಈ ವಯಸ್ಸಿನ ಬಹಳ ಮಕ್ಕಳು ಹಾಗೇ ಹೇಳುತ್ತಾರೆ. ಕಣ್ಣಿಗೆ ಕಾಣದಿದ್ದರೆ ಇಲ್ಲ ಅಂತಲೇ ಅವರ ಲೆಕ್ಕ. ಐಸ್ ನೀರಾಗುವುದು ಎದುರಿಗೇ ಕಾಣುತ್ತದೆ, ಅಲ್ಲಿ ತೊಡಕಿಲ್ಲ. ತೊಡಕಿರುವುದು ನೀರು ಆವಿಯಾಗುವ ಕಡೆ. ಹೆಚ್ಚು ಸಮಯ ಅದಕ್ಕೇ ಕೊಡಿ.

ಒಂದೇ ಥರದ ಎರಡು ಗಾಜಿನ ಲೋಟ ತಗೊಳ್ಳಿ. ಎರಡಕ್ಕೂ ಒಂದೇ ಮಟ್ಟದವರೆಗೆ ನೀರು ಹಾಕಿ, ಮಟ್ಟದ ಗೆರೆಯನ್ನು ಮಕ್ಕಳ ಕೈಯಲ್ಲೇ ಎಳೆಸಿ. ಒಂದರ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಎರಡನ್ನೂ ಬಿಸಿಲಿಗೆ ಇಡಿ. ನಾಳೆಗೆ ಏನಾಗಿರುತ್ತದೆ ಅಂತ ಚಿತ್ರ ಬರೆಯಲು ಹೇಳಿ. ಊಹಿಸದೆ ನೋಡಿದ ಮಗುವಿಗೆ ಅಚ್ಚರಿ ಆಗುವುದೇ ಇಲ್ಲ. ಮುಚ್ಚಿದ ಲೋಟದಲ್ಲಿ ಹಾಳೆಯ ಒಳಬದಿಗೆ ಹನಿ ಕೂತಿರುತ್ತದೆ, ಮಟ್ಟ ಹೆಚ್ಚುಕಮ್ಮಿ ಗೆರೆಯಲ್ಲೇ ಇರುತ್ತದೆ. ತೆರೆದ ಲೋಟದಲ್ಲಿ ನೀರು ಇಳಿದಿರುತ್ತದೆ. ಇದರಲ್ಲಿ ನೀರು ಮೇಲೆ ಹೋಗಿ ಸಿಕ್ಕಿಕೊಂಡಿತು, ಅದರಲ್ಲಿ? ಇಷ್ಟು ಕೇಳಿ ಸುಮ್ಮನಿರಿ. ಉತ್ತರ ಅವರ ಬಾಯಿಂದಲೇ ಬರಲಿ.

ಮಾರನೇ ದಿನ ಇದರ ಉಲ್ಟಾ ಮಾಡಿ. ಒಣಗಿದ ಸ್ಟೀಲ್ ಲೋಟಕ್ಕೆ ಕೆಂಪು ಬಣ್ಣ ಬೆರೆಸಿದ ನೀರು, ತುಂಬ ಐಸ್ ಹಾಕಿ. ಸ್ವಲ್ಪ ಹೊತ್ತಿಗೆ ಲೋಟ ಹೊರಗಡೆ ಬೆವರುತ್ತದೆ. "ನೀರು ಸೋರಿದೆ" ಅನ್ನುತ್ತಾರೆ ನೋಡಿ. ಬಿಳಿ ಟಿಶ್ಯೂ ಕೊಟ್ಟು ಒರೆಸಲು ಹೇಳಿ. ಟಿಶ್ಯೂ ಒದ್ದೆ, ಆದರೆ ಕೆಂಪಿಲ್ಲ! ಹಾಗಾದರೆ ಒಳಗಿನ ನೀರಲ್ಲ, ಗಾಳಿಯಲ್ಲಿದ್ದ ಆವಿಯೇ ತಣ್ಣಗಾಗಿ ಹನಿಯಾಗಿದೆ. ನನಗೆ ತುಂಬ ಇಷ್ಟದ ಪ್ರಯೋಗ ಇದು. ಗಾಳಿ ತೀರಾ ಒಣಗಿರುವ ದಿನ ಮಾತ್ರ ಬೇಡ, ಹನಿ ಸರಿಯಾಗಿ ಮೂಡುವುದಿಲ್ಲ.

ಮರುಪ್ರಶ್ನೆ: ಎರಡೂ ಮಾಡಿದೆವು ಮೇಡಂ, ಟಿಶ್ಯೂ ನೋಡಿ ಮಗಳು ಕುಣಿದಳು. ಮಗನದು ಈಗ ಬೇರೆ ವಾದ. ಆವಿ ಕಾಣುತ್ತದಲ್ಲ, ಕೆಟಲ್‌ನಿಂದ ಬೆಳ್ಳಗೆ ಬರುತ್ತಲ್ಲ ಅಂತಾನೆ.

ಉತ್ತರ: ಒಳ್ಳೆ ವಾದ! ಕೆಟಲ್ ಕುದಿಯುವಾಗ ಅವನನ್ನು ದೂರ ನಿಲ್ಲಿಸಿ ಮೂತಿಯ ಹತ್ತಿರವೇ ನೋಡಲು ಹೇಳಿ. ಮೂತಿಗೂ ಬೆಳ್ಳಗಿರುವುದಕ್ಕೂ ನಡುವೆ ಸ್ವಲ್ಪ ಜಾಗ ಖಾಲಿ ಇದ್ದಂತೆ ಕಾಣುತ್ತದೆ. ನಿಜವಾದ ಆವಿ ಇರುವುದು ಅಲ್ಲೇ, ಅದಕ್ಕೆ ಬಣ್ಣವಿಲ್ಲ. ಹೊರಗಿನ ಗಾಳಿಗೆ ತಣ್ಣಗಾಗಿ ಮತ್ತೆ ಸಣ್ಣ ಸಣ್ಣ ಹನಿಯಾದಾಗ ಬೆಳ್ಳಗೆ ಕಾಣುತ್ತದೆ. ಕೆಟಲ್ ಕೆಲಸ ಪೂರ್ತಿ ನಿಮ್ಮದೇ ಆಗಿರಲಿ. ಆವಿ ತಗುಲಿದರೆ ಕುದಿಯುವ ನೀರಿಗಿಂತ ಜೋರಾಗಿ ಸುಡುತ್ತದೆ.

ಇನ್ನೊಬ್ಬ ಸದಸ್ಯರು: ಸಕ್ಕರೆ ನೀರಲ್ಲಿ ಕರಗುವುದನ್ನೂ ಇದರ ಜೊತೆಗೇ ಹೇಳಿಕೊಡಬಹುದಾ?

ಉತ್ತರ: ಈಗಲೇ ಬೇಡ ಸರ್, ಎರಡೂ ಕಲಸಿಹೋಗುತ್ತವೆ. ಐಸ್ ನೀರಾಗಲು ಬಿಸಿ ತಾಗಿದರೆ ಸಾಕು. ಸಕ್ಕರೆ ಹಾಗಲ್ಲ, ನೀರಿನೊಳಗೆ ಬೆರೆತುಹೋಗುತ್ತದೆ ಅಷ್ಟೇ. ಕೆಲವು ವಾರ ಬಿಟ್ಟು ಉಪ್ಪುನೀರನ್ನು ತಟ್ಟೆಯಲ್ಲಿ ಒಣಗಿಸಿ. ನೀರು ಹೋಗಿ ಉಪ್ಪು ಉಳಿಯುತ್ತದೆ, ಆಗ ವ್ಯತ್ಯಾಸ ತಾನಾಗಿಯೇ ಗೊತ್ತಾಗುತ್ತದೆ.

ಮರುಪ್ರಶ್ನೆ: ಕೊನೆಯದಾಗಿ, ಎಂಟು ವರ್ಷದವನಿಗೆ ಸ್ವಲ್ಪ ಕಷ್ಟದ್ದು ಯಾವುದಾದರೂ ಇದೆಯಾ?

ಉತ್ತರ: ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ನೀರು ಹಾಕಿ, ಗೆರೆ ಎಳೆದು, ಮುಚ್ಚಳ ಹಾಕಿ ತೂಗಿಸಿ. ಫ್ರೀಜರ್‌ನಲ್ಲಿ ಗಟ್ಟಿಯಾದ ಮೇಲೆ ಹೊರಬದಿ ಒರೆಸಿ ಮತ್ತೆ ತೂಗಿಸಿ. ನೀರು ಗಡ್ಡೆಯಾದಾಗ ಸುಮಾರು 9% ಜಾಸ್ತಿ ಜಾಗ ಹಿಡಿಯುತ್ತದೆ, ಅದಕ್ಕೇ ಗೆರೆ ದಾಟಿರುತ್ತದೆ. ತೂಕ ಮಾತ್ರ ಅಷ್ಟೇ ಇರುತ್ತದೆ. ಗಾಜಿನ ಬಾಟಲಿ ಇಡಬೇಡಿ, ಒಡೆಯುತ್ತದೆ. ಜಾಗ ಜಾಸ್ತಿ ಆದರೂ ತೂಕ ಯಾಕೆ ಏರಲಿಲ್ಲ ಅಂತ ಅವನೇ ಕೇಳುತ್ತಾನೆ. ಕೇಳಿದಾಗ ಇಲ್ಲೇ ಬರೆಯಿರಿ.