ಆ ಉಳಿದ ಸಿರಪ್ ಮುಟ್ಟಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಮಗುವಿಗೆ ನಿನ್ನೆಯಿಂದ ನೆಗಡಿ, ಜ್ವರ. ಡಾಕ್ಟರು ವೈರಲ್ ಎಂದು ಬರೀ ಪ್ಯಾರಾಸಿಟಮಾಲ್ ಬರೆದಿದ್ದಾರೆ. ಹೋದ ಸಲ ಉಳಿದ ಆಂಟಿಬಯೋಟಿಕ್ ಸಿರಪ್ ಫ್ರಿಜ್ಜಿನಲ್ಲಿದೆ, ಹಾಕಲಾ ಎಂದು ಕೇಳಿದ್ದೀಯ. ಬೇಡಮ್ಮ, ಕೊಡಬೇಡ.

ನನ್ನ ಆಸ್ಪತ್ರೆ ಕಥೆ ಎಲ್ಲರಿಗೂ ಗೊತ್ತೇ ಇದೆ. ಆಗೆಲ್ಲ ನೆಗಡಿ ಬಂದರೆ ಸಾಕು, ನಿಮ್ಮ ಮಾವ ಮೆಡಿಕಲ್ ಶಾಪಿನಿಂದ ಮೂರು ಆಂಟಿಬಯೋಟಿಕ್ ಮಾತ್ರೆ ತರುತ್ತಿದ್ದರು. ಚೀಟಿ ಗೀಟಿ ಏನೂ ಇಲ್ಲ. ಡಾಕ್ಟರ ಚೀಟಿ ಇಲ್ಲದೆ ನುಂಗಬೇಡ ಎಂದು ಸ್ಟ್ರಿಪ್ಪಿನ ಮೇಲೆ ಹಾಕುವ ಕೆಂಪು ಗೆರೆಯನ್ನು ಡಿಸೈನು ಅಂದುಕೊಂಡಿದ್ದೆ! ಎರಡು ನುಂಗಿ, ಒಂದನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಎತ್ತಿಡುತ್ತಿದ್ದೆ. ನೆಗಡಿ ಅದರ ಪಾಡಿಗೆ ಹೋಗುತ್ತಿತ್ತು, ಹೆಸರು ಮಾತ್ರೆಗೆ.

ವೈರಸ್ಸು ಕೋಗಿಲೆ ಜಾತಿ ಅಲ್ವಾ, ಸ್ವಂತ ಗೂಡಿಲ್ಲ. ನಮ್ಮ ಜೀವಕೋಶದೊಳಗೆ ನುಗ್ಗಿ, ನಮ್ಮ ಕೈಯಲ್ಲೇ ತನ್ನ ಮರಿ ಮಾಡಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಸ್ವಂತ ಗೋಡೆ, ಸ್ವಂತ ಅಡುಗೆಮನೆ. ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಆ ಗೋಡೆ ಏಳಲು ಬಿಡುವುದಿಲ್ಲ. ಅಜಿತ್ರೋಮೈಸಿನ್ ಎಂಬ ಇನ್ನೊಂದು ಅದರ ಪ್ರೋಟೀನ್ ಅಡುಗೆ ನಿಲ್ಲಿಸುತ್ತದೆ. ವೈರಸ್ಸಿಗೆ ಎರಡೂ ಇಲ್ಲ, ಮದ್ದು ಹೋಗಿ ಯಾರನ್ನು ಹೊಡೆಯಬೇಕು? ನನ್ನ ಹೊಟ್ಟೆಯಲ್ಲಿದ್ದ ಬಡಪಾಯಿ ಬ್ಯಾಕ್ಟೀರಿಯಾ ಸತ್ತವು, ಮೊಂಡು ಉಳಿದವು.

ಆಮೇಲೆ ಆ ಮೊಂಡುಗಳೇ ಮೂತ್ರದ ದಾರಿ ಹೊಕ್ಕವು, ಬಂತು ನೋಡು ಉರಿಮೂತ್ರ, ಗಡಗಡ ನಡುಕ. ಕೊಟ್ಟ ಮಾತ್ರೆ ಯಾವುದೂ ನಾಟಲಿಲ್ಲ. ಲ್ಯಾಬಿನ ಹುಡುಗಿ ನನ್ನ ಹತ್ತಿರವೇ ಏಳನೇ ಕ್ಲಾಸು ಓದಿದವಳು. ನನ್ನ ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆ ತಂದು ತೋರಿಸಿದಳು. ತಿಳಿಗಂಜಿಯ ಕೆನೆ ಥರ ಬ್ಯಾಕ್ಟೀರಿಯಾ ಹರಡಿತ್ತು, ನಡುನಡುವೆ ಬೊಟ್ಟಿನಷ್ಟು ಕಾಗದದ ಚೂರು. ಒಂದೊಂದರಲ್ಲಿ ಒಂದೊಂದು ಮದ್ದು. ಮದ್ದು ನಾಟಿದರೆ ಸುತ್ತ ಖಾಲಿ ಉಂಗುರ ಬೀಳಬೇಕು. ಆರರಲ್ಲಿ ಉಂಗುರ ಬಿದ್ದಿದ್ದು ಎರಡಕ್ಕೆ! ಉಳಿದ ನಾಲ್ಕರಲ್ಲಿ ಆ ಕೆನೆ ಚೂರಿನ ಅಂಚಿಗೇ ಬಂದು ಕೂತಿತ್ತು. ಅರೆಬರೆ ಡೋಸ್ ಕೊಟ್ಟರೆ ಕ್ರಿಮಿ ಗಟ್ಟಿಯಾಗುತ್ತದೆ ಎಂದು ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಹೇಳಿದ್ದ. ಅದನ್ನು ಪಾಠ ಮಾಡಿದ ಟೀಚರ್ ನಾನು, ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿ.

ಏಳು ದಿನ ಕೈಗೆ ಸೂಜಿ. ಆ ಏಳು ದಿನದಲ್ಲಿ ಈ ಗ್ರೂಪಿನಿಂದ ಎಷ್ಟು ಜನ ಬಂದಿರಿ? ಗುಲಾಬಿ ಹೂವಿನ ಫೋಟೋ ಮಾತ್ರ ಹದಿನೆಂಟು ಬಂದವು. ಅರ್ಧ ಗಂಟೆ ದಾರಿಯಲ್ಲಿರುವ ನನ್ನ ತಮ್ಮನಿಗೆ ಟ್ರಾಫಿಕ್ ಅಂತೆ. ಅದೇ ವಾರ ಯಾರದೋ ನಾಮಕರಣಕ್ಕೆ ತುಮಕೂರಿಗೆ ಹೋಗಲು ಟ್ರಾಫಿಕ್ ಇರಲಿಲ್ಲ. ಹೋಗಲಿ, ಈಗ ಯಾಕೆ.

ಪುಟ್ಟಿ, ಹೇಳಬೇಕಾದ್ದೇ ಮರೆತೆ. ಆ ಸಿರಪ್ ಕೊಡಬೇಡ. ನೀರು ಬೆರೆಸಿದ ಮೇಲೆ ಅದು ಕೆಲವೇ ದಿನ ಬಾಳುವುದು, ಈಗಾಗಲೇ ಕೆಟ್ಟಿರುತ್ತದೆ. ಪ್ಯಾರಾಸಿಟಮಾಲ್ ಡಾಕ್ಟರು ಬರೆದಷ್ಟೇ ಹಾಕು. ಗಂಜಿ, ನೀರು ಆಗಾಗ ಕೊಡು. ಜ್ವರ ಮೂರು ದಿನ ದಾಟಿದರೆ ಮತ್ತೆ ತೋರಿಸು. ಉಸಿರು ಜೋರಾಗಿ ಎಳೆದರೆ, ಪಕ್ಕೆ ಒಳಗೆ ಹೋದರೆ, ಏನೂ ಕುಡಿಯದಿದ್ದರೆ, ಉಚ್ಚೆ ಕಮ್ಮಿಯಾದರೆ ಆ ಮೂರು ದಿನವೂ ಕಾಯಬೇಡ, ಎತ್ತಿಕೊಂಡು ಹೋಗು. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು, ನನಗೆ ಹೇಗೂ ನಿದ್ದೆ ಬರುವುದಿಲ್ಲ.