ಬಿಸಿಯಾದ ಮೇಲೆ ಆಟೋಮ್ಯಾಟಿಕ್ ಗೇರ್ ಸ್ಲಿಪ್: ಆಯಿಲ್ ಬದಲಿಸಿದರೆ ಸಾಕಾ, ಪೂರ್ತಿ ಬಿಚ್ಚಿಸಬೇಕಾ?

ಹಳೇಪಿಕಪ್:
ಎಲ್ಲರಿಗೂ ನಮಸ್ಕಾರ. ನನ್ನದು 1986ರ ಪಿಕಪ್ ಟ್ರಕ್. ವಿ8 ಪೆಟ್ರೋಲ್ ಎಂಜಿನ್, 700ಆರ್4 ಆಟೋಮ್ಯಾಟಿಕ್ ಗೇರ್‌ಬಾಕ್ಸ್. ತಣ್ಣಗಿದ್ದಾಗ ಚೆನ್ನಾಗೇ ಓಡುತ್ತದೆ. ಬಿಸಿಯಾದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಆರ್‌ಪಿಎಂ ಸರ್ರನೆ ಏರುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ, ಆಮೇಲೆ ಮೆತ್ತಗೆ ಹಿಡಿದುಕೊಳ್ಳುತ್ತದೆ. ಲೋಡ್ ಹಾಕಿಕೊಂಡು ಏರು ಹತ್ತಿದರೆ ಇನ್ನೂ ಜಾಸ್ತಿ. ಒಬ್ಬ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ ಪೂರ್ತಿ ಬಿಚ್ಚಬೇಕು ಅಂದರು. ಇನ್ನೊಬ್ಬರು ಸ್ಲಿಪ್ ನಿಲ್ಲಿಸುವ ಬಾಟಲಿ ಸಿಗುತ್ತೆ, ಹಾಕಿ ನೋಡಿ ಅಂದರು. ಈ ಗಾಡಿ ಬಿಟ್ಟುಕೊಡುವ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ಗ್ರೀಸ್‌ಕೈ:
ಮೊದಲು ಆಯಿಲ್ ಮಟ್ಟ ನೋಡಿ ಸರ್, ಸರಿಯಾಗಿ ನೋಡಿ. ಎಂಜಿನ್ ಆಯಿಲ್ ನೋಡುವ ಹಾಗೆ ಆಫ್ ಮಾಡಿ ನೋಡಿದರೆ ಈ ಗೇರ್‌ಬಾಕ್ಸಿನಲ್ಲಿ ತಪ್ಪು ಲೆಕ್ಕ ಬರುತ್ತದೆ. ಗಾಡಿ ಚೆನ್ನಾಗಿ ಓಡಿ ಬಿಸಿಯಾಗಿರಬೇಕು, ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಪಾರ್ಕಿನಲ್ಲಿ ಎಂಜಿನ್ ಐಡಲ್ ಓಡುತ್ತಿರಬೇಕು. ಡಿಪ್‌ಸ್ಟಿಕ್ ಒರೆಸಿ, ಮತ್ತೆ ಹಾಕಿ ತೆಗೆದು, ಎರಡೂ ಬದಿ ನೋಡಿ. ಕಡಿಮೆಯಿದ್ದರೆ ಪಂಪು ಗಾಳಿ ಎಳೆದುಕೊಂಡು ಸ್ಲಿಪ್ ಆಗುತ್ತದೆ. ಜಾಸ್ತಿ ತುಂಬಿದ್ದರೂ ಕಷ್ಟವೇ, ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆಯಲ್ಲಿ ಪ್ರೆಶರ್ ಬರಲ್ಲ. ಎರಡು ಹನಿ ಬಿಳಿ ಬಟ್ಟೆ ಮೇಲೆ ಬಿಟ್ಟು ಮೂಸಿ ನೋಡಿ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಬೆಂದಿವೆ ಅಂತಲೇ ತಿಳಿಯಿರಿ. ಆ ಬಾಟಲಿ ಸಹವಾಸ ಬೇಡ. ಗಟ್ಟಿಯಾದ ಸೀಲನ್ನು ಒಂದಷ್ಟು ದಿನ ಉಬ್ಬಿಸುತ್ತದೆ ಅಷ್ಟೇ, ಸವೆದ ಪ್ಲೇಟಿಗೆ ಹೊಸ ಲೈನಿಂಗ್ ಬರುತ್ತಾ?

ನಾಲ್ಕನೇಗೇರ್:
ಒಂದು ಪ್ರಶ್ನೆ ಅಣ್ಣಾ. ಕಾರ್ಬುರೇಟರ್ ಯಾವಾಗಲಾದರೂ ಬದಲಾಗಿದೆಯಾ? ಮೆಲ್ಲಗೆ ಓಡಿಸುವಾಗ ಗೇರುಗಳು ಬೇಗ ಬೇಗ, ಮೆತ್ತಗೆ ಬದಲಾಗುತ್ತವಾ?

ಹಳೇಪಿಕಪ್:
ಹೌದು, ಹಿಂದಿನ ಮಾಲೀಕರು ಬೇರೆ ಕಂಪನಿಯದ್ದು ಹಾಕಿಸಿದ್ದಾರೆ. ಗೇರು ತುಂಬಾ ಬೇಗ ಬೀಳುತ್ತವೆ, ಅದು ಒಳ್ಳೇ ಲಕ್ಷಣ ಅಂದುಕೊಂಡಿದ್ದೆ! ಈಗ ತಾನೇ ನೋಡಿದೆ, ಆಯಿಲ್ ಮಟ್ಟ ಸರಿಯಿದೆ. ಬಣ್ಣ ಸ್ವಲ್ಪ ಮಬ್ಬು ಕೆಂಪು, ಸುಟ್ಟ ವಾಸನೆ ಇಲ್ಲ.

ನಾಲ್ಕನೇಗೇರ್:
ಹಾಗಾದರೆ ಗೇರ್‌ಬಾಕ್ಸ್ ಬಿಚ್ಚುವ ಮಾತು ಸದ್ಯಕ್ಕೆ ಪಕ್ಕಕ್ಕಿಡಿ, ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ನೋಡಿ. ಕಾರ್ಬುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಆ ಕೇಬಲ್ ಬರೀ ಕಿಕ್‌ಡೌನಿಗೆ, ಅಂದರೆ ಪೆಡಲ್ ಜೋರಾಗಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವುದಕ್ಕೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ನೀವು ಎಷ್ಟು ಪೆಡಲ್ ಒತ್ತಿದ್ದೀರಿ ಅನ್ನುವುದನ್ನು ಒಳಗಿನ ವಾಲ್ವಿಗೆ ಹೇಳುವುದೇ ಆ ಕೇಬಲ್, ಅದರ ಪ್ರಕಾರವೇ ಕ್ಲಚ್ ಒತ್ತುವ ಆಯಿಲ್ ಪ್ರೆಶರ್ ಏರುತ್ತದೆ. ಕೇಬಲ್ ಸಡಿಲ ಇದ್ದರೆ ಎಂಜಿನ್ ಪೂರ್ತಿ ಎಳೆಯುತ್ತಿದ್ದರೂ ಗೇರ್‌ಬಾಕ್ಸಿಗೆ ಗಾಡಿ ಸುಮ್ನೆ ಉರುಳುತ್ತಿದೆ ಅನ್ನಿಸುತ್ತದೆ, ಪ್ರೆಶರ್ ಸಾಲದೆ ಪ್ಲೇಟ್ ಜಾರುತ್ತವೆ, ಜಾರಿ ಜಾರಿ ಬೇಯುತ್ತವೆ. ಈ ಮಾಡೆಲ್ಲಿನಲ್ಲಿ ಮೊದಲು ಹೋಗುವುದು ಮೂರು-ನಾಲ್ಕರ ಕ್ಲಚ್ಚೇ, ಅಂದರೆ ಮೂರನೇ ಮತ್ತು ನಾಲ್ಕನೇ ಗೇರಿನಲ್ಲಿ ಹಿಡಿಯುವ ಕ್ಲಚ್.

ಎಂಜಿನ್ ಆಫ್ ಮಾಡಿ. ಇನ್ನೊಬ್ಬರಿಗೆ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿಯಲು ಹೇಳಿ, ನೀವು ಬಾನೆಟ್ ಎತ್ತಿ ನೋಡಿ. ಆಗ ಕೇಬಲ್ ಪೂರ್ತಿ ಎಳೆದು ಕೊನೆ ಮುಟ್ಟಿರಬೇಕು. ಇನ್ನೂ ಕೈಯಲ್ಲಿ ಎಳೆಯಲು ಬಂದರೆ ಸಡಿಲ ಅಂತಲೇ ಅರ್ಥ. ಕೇಬಲ್ ಹೊರಕವಚದ ತುದಿಯಲ್ಲಿ ಒಂದು ಚಿಕ್ಕ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದು ಸ್ಲೈಡರನ್ನು ಕಾರ್ಬುರೇಟರಿನಿಂದ ದೂರಕ್ಕೆ ಪೂರ್ತಿ ತಳ್ಳಿ, ಗುಂಡಿ ಬಿಡಿ, ಆಮೇಲೆ ಥ್ರಾಟಲ್ ಪೂರ್ತಿ ತೆರೆಯಿರಿ. ಟಕಟಕ ಅಂತ ತಾನಾಗಿ ಜಾಗಕ್ಕೆ ಬರುತ್ತದೆ. ಬೇರೆ ಕಾರ್ಬುರೇಟರ್ ಅಂದಿರಲ್ಲ, ಕೇಬಲ್ ಸಿಕ್ಕಿಸುವ ತೂತಿನ ಜಾಗವೇ ಬೇರೆ ಇರಬಹುದು. ಆಗ ಎಷ್ಟು ಅಡ್ಜಸ್ಟ್ ಮಾಡಿದರೂ ನಡುವಿನ ಪೆಡಲಿನಲ್ಲಿ ಪ್ರೆಶರ್ ಸರಿ ಬರಲ್ಲ, ಅದಕ್ಕೆಂದೇ ಇರುವ ಬ್ರಾಕೆಟ್ ಹಾಕಲೇಬೇಕು.

ಗ್ರೀಸ್‌ಕೈ:
ಇದು ನನಗೆ ಹೊಳೆಯಲಿಲ್ಲ, ಒಳ್ಳೇ ಪ್ರಶ್ನೆ ಕೇಳಿದಿರಿ. ಅಡ್ಜಸ್ಟ್ ಆಗುವ ತನಕ ಗಾಡಿ ಓಡಿಸಲೇಬೇಡಿ ಸರ್.

ಹಳೇಪಿಕಪ್:
ಕೇಬಲ್ ಸಡಿಲವೇ! ಪೆಡಲ್ ಪೂರ್ತಿ ಒತ್ತಿಸಿದ ಮೇಲೂ ಬೆರಳಲ್ಲಿ ಆರಾಮಾಗಿ ಇನ್ನೂ ಒಂದಿಂಚು ಎಳೆಯಬಹುದು. ಬ್ರಾಕೆಟ್ ತರಿಸುತ್ತೇನೆ. ಆಯಿಲೂ ಈಗಲೇ ಬದಲಿಸಿಬಿಡಲಾ?

ನಾಲ್ಕನೇಗೇರ್:
ಬದಲಿಸಿ, ಆದರೆ ಮಷಿನ್ ಹಾಕಿ ಫ್ಲಶ್ ಮಾಡಿಸಬೇಡಿ. ಗೇರ್‌ಬಾಕ್ಸ್ ಕೆಳಗಿನ ಆಯಿಲ್ ಪ್ಯಾನ್ ಇಳಿಸಿ, ಫಿಲ್ಟರ್ ಬದಲಿಸಿ, ಮತ್ತೆ ತುಂಬಿ. ಟಾರ್ಕ್ ಕನ್ವರ್ಟರಿನಲ್ಲಿರುವ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಹಳೇ ಆಯಿಲ್ ಹಾಗೇ ಉಳಿಯುತ್ತದೆ, ಪರವಾಗಿಲ್ಲ. ಪ್ಯಾನಿನ ತಳ ಬೆರಳಲ್ಲಿ ಸವರಿ ನೋಡಿ. ಬೂದು ಬಣ್ಣದ ನುಣುಪು ಪೇಸ್ಟ್ ಸ್ವಲ್ಪ ಇದ್ದರೆ ಸಹಜ ಸವೆತ. ಕಪ್ಪು ಚೂರುಗಳ ರಾಶಿ ಸಿಕ್ಕರೆ ಲೈನಿಂಗ್ ಉದುರಿದೆ, ಮಿನುಗುವ ಲೋಹದ ಚಕ್ಕೆ ಸಿಕ್ಕರೆ ಒಳಗೆ ಗಟ್ಟಿ ಭಾಗವೇ ಹೋಗಿದೆ. ಬ್ರಾಕೆಟ್ ಕೂರಿಸಿದ ಮೇಲೆ ಗೇಜ್ ಹಾಕಿಸಿ ಪ್ರೆಶರ್ ನೋಡಿಸಿ. ಪ್ರೆಶರ್ ಸರಿಯಿದ್ದೂ ಮೂರನೇ ಗೇರ್ ಜಾರಿದರೆ ಕ್ಲಚ್ ಹೋಗಿದೆ, ಆಗ ಬಿಚ್ಚಿಸಲೇಬೇಕು. ಬಿಚ್ಚಿಸಿದರೆ ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರ್ ಮತ್ತು ಅದರ ಪೈಪು ತೊಳೆಸುವುದನ್ನು ಮರೆಯಬೇಡಿ. ಹಳೇ ಕಸ ಅಲ್ಲೇ ಕೂತಿದ್ದು ಹೊಸ ಕ್ಲಚ್ಚಿಗೆ ವಾಪಸ್ ಬರುತ್ತದೆ.